ಮಾತು ಬಿಟ್ಟ ಅಜ್ಜಿ

ವಾಡಿ ಊರಿನ ಅಂಗನವಾಡಿಯಲ್ಲಿ ಹದಿನೈದು ವರ್ಷ ಮಕ್ಕಳನ್ನು ಕಂಡಿದ್ದ ದ್ರೌಪದಿ ಟೀಚರಿಗೆ ಕಾಶೀನಾಥನ ಮನೆಯ ಮೆಟ್ಟಿಲು ಹತ್ತುವಾಗಲೇ ಸಾಕುಸಾಕಾಗಿತ್ತು. ಈ ತಿಂಗಳಲ್ಲಿ ಇದು ಮೂರನೇ ಸಲ. ಅವನ ಮಗಳು ಭಾಗ್ಯಜ್ಯೋತಿಗೆ ಎರಡೂವರೆ ವರ್ಷ. ತೂಕ ಸರಿಯಿದೆ, ಕಿವಿಯೂ ಸರಿಯಿದೆ ಎಂದು ಡಾಕ್ಟರು ಹೇಳಿದ್ದಾರೆ. ಆದರೂ ಬಾಯಲ್ಲಿ ‘ಅವ್ವ’ ಎಂಬ ಒಂದು ಮಾತಿಲ್ಲ.

ಹಾಗೆ ಕರೆಯುವುದಕ್ಕೆ ಅವ್ವನೂ ಇರಲಿಲ್ಲ. ಮಗುವಿಗೆ ಆರು ತಿಂಗಳಿದ್ದಾಗಲೇ ಅವಳು ತೀರಿಕೊಂಡಿದ್ದಳು. ಸಾಕುತ್ತಿದ್ದವಳು ಕಾಶೀನಾಥನ ತಾಯಿ ಶರಣಬಸಮ್ಮ. ಎಣ್ಣೆ ಹಚ್ಚಿ ಎರೆಯುವುದು, ಹಾಲು, ತುಪ್ಪ, ಯಾವುದಕ್ಕೂ ಕೊರತೆಯಿಲ್ಲ. ಮೊಮ್ಮಗಳಿಗೆ ಮಾತು ಬರಲೆಂದು ಒಂದು ಹರಕೆಯನ್ನೂ ಹೊತ್ತಿದ್ದಳು: ಕೂಸು ಮಾತಾಡುವವರೆಗೆ ತಾನೂ ಮಾತಾಡುವುದಿಲ್ಲ! ಹೀಗೆ ಬಾಯಿಗೆ ಬೀಗ ಹಾಕಿಕೊಂಡು ವರ್ಷವಾಗಿತ್ತು. ಮಗನೋ ಸಿಮೆಂಟ್ ಫ್ಯಾಕ್ಟರಿಯ ರಾತ್ರಿ ಪಾಳಿ ಮುಗಿಸಿ ಬಂದು ಹಗಲೆಲ್ಲ ಮಲಗುವವನು. ಆ ಮನೆಯಲ್ಲಿ ಮಗುವಿನ ಕಿವಿಗೆ ಬೀಳುತ್ತಿದ್ದುದು ಪಾತ್ರೆಗಳ ಸದ್ದು ಮಾತ್ರ.

“ಎಷ್ಟು ಸಲ ಹೇಳ್ಬೇಕ್ರಿ ಕಾಶೀನಾಥ? ಯಾರೂ ಮಾತಾಡಸಲಿಲ್ಲಂದ್ರ ಕೂಸು ಮಾತು ಎಲ್ಲಿಂದ ಕಲೀಬೇಕು?”

“ಹಂಗಲ್ರೀ ಟೀಚರ್. ಅವ್ವ ಎಲ್ಲಾ ಕೂಸಿನ ಸಲುವಾಗೇ ಮಾಡಾಕತ್ತಾಳ. ನಡುವ ಹರಕಿ ಮುರದು ಏನರ ಆದ್ರ? ಈಗಾಗಲೇ ಒಬ್ಬಾಕಿನ್ನ ಕಳಕೊಂಡೀವಿ.”

ದ್ರೌಪದಿ ಹತಾಶಳಾಗಿ ಅಜ್ಜಿಯ ಕಡೆ ತಿರುಗಿದಳು. ಶರಣಬಸಮ್ಮ ಬಾಯಿಯ ಮೇಲೆ ಅಂಗೈ ಇಟ್ಟು ತಲೆಯಾಡಿಸಿದಳು. ಆಗುವುದಿಲ್ಲ ಎಂಬುದಕ್ಕೆ ಅದೇ ಅವಳ ಸನ್ನೆ.

ಅಷ್ಟರಲ್ಲಿ ಅಂಗಳದಲ್ಲಿ ಆಡುತ್ತಿದ್ದ ಭಾಗ್ಯಜ್ಯೋತಿ ನೆಲಕ್ಕೆ ಹಾಸಿದ್ದ ಫರಸಿ ಕಲ್ಲು ಎಡವಿ ಬಿದ್ದಳು. ಮೊಣಕಾಲು ತರಚಿ ರಕ್ತ ಬಂತು. ಅವಳು ಚೀರಲಿಲ್ಲ. ಅಜ್ಜಿಯ ಮುಖ ನೋಡುತ್ತ, ಅಜ್ಜಿಯಂತೆಯೇ ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿದಳು. ಕಣ್ಣೀರು ಬೆರಳುಗಳ ಮೇಲೆ ಇಳಿಯುತ್ತಿತ್ತು.

“ನೋಡ್ರಿ ಆಯಿ,” ದ್ರೌಪದಿಗೆ ತಡೆಯಲಾಗಲಿಲ್ಲ. “ನೀವು ಕಲಿಸಿದ್ದು ಕೂಸು ಭಾಳ ಚೆಂದ ಕಲ್ತದ.”

ಶರಣಬಸಮ್ಮ ಓಡಿಹೋಗಿ ಮಗುವನ್ನು ಎತ್ತಿಕೊಂಡಳು. ಆ ಪುಟ್ಟ ಕೈಯನ್ನು ಬಾಯಿಂದ ಬಿಡಿಸಿದಳು.

“ಅಳು ನನ್ನವ್ವ, ಅಳು. ಆಯಿ ಇದ್ದೀನಿ.”

ವರ್ಷದ ಮೇಲೆ ಹೊರಟ ದನಿ ಒಡೆದುಹೋಗಿತ್ತು. ಭಾಗ್ಯಜ್ಯೋತಿ ಅಳಲಿಲ್ಲ. ಮಾತನಾಡಿದವರು ಯಾರೆಂದು ಬಾಗಿಲ ಕಡೆ ಹೊರಳಿ ಹುಡುಕಿದಳು.

“ನಾನೇ. ಇಲ್ಲಿ ನೋಡು, ನಾನೇ,” ಎಂದಳು ಶರಣಬಸಮ್ಮ.