ಕಡೆಯ ಒಗ್ಗರಣೆ

ಹಿತ್ತಲಿನ ಡ್ರಮ್ಮಿಗೆ ನೀರು ತುಂಬಿಸಿ, ಓಡಿಸಿ ನೋಡಲೆಂದು ಅದರ ಅಂಚಿಗೆ ದೋಣಿಯ ಎಂಜಿನ್ ಕಚ್ಚಿಸಿ ನಿಲ್ಲಿಸಿದ್ದರು. ಮಿಥುನ್ ಬನಿಯನ್ ಕಳಚಿ ಹಗ್ಗ ಎಳೆಯುತ್ತಿದ್ದ. ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಗುತ್ತಿತ್ತು. ಬೆಳಿಗ್ಗೆ ಚೆನ್ನಾಗಿಯೇ ಓಡಿತ್ತು. ನಿಲ್ಲಿಸಿ, ಗಂಜಿ ಉಂಡು ಬರುವಷ್ಟರಲ್ಲಿ ಹಟ ಹಿಡಿದಿತ್ತು.

ಅಡುಗೆಮನೆಯ ಬಾಗಿಲಲ್ಲಿ ಅವನ ಅತ್ತಿಗೆ ಪೂಜಿತಾ ಬಂಗುಡೆ ಹೆಚ್ಚುತ್ತ ಕುಳಿತಿದ್ದಳು. ಹೊಗೆ ಅವಳಿರುವಲ್ಲಿಗೂ ಬರುತ್ತಿತ್ತು. ಬರೀ ಸೀಮೆಎಣ್ಣೆಯ ವಾಸನೆ, ಊರಿನವರ ಬಾಯಲ್ಲಿ ಚಿಮಣಿ ಎಣ್ಣೆ. ಎಂಜಿನ್ ಯಾಕೆ ಹಿಡಿಯುತ್ತಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹೇಳಲಿಲ್ಲ.

ಕಳೆದ ಮಳೆಗಾಲದಲ್ಲಿ ಹಂಗಾರಕಟ್ಟೆಯಲ್ಲಿ ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ದೋಣಿ ಮಗುಚಿದಾಗ ಅವಳ ಗಂಡ ಯತೀಶನ ಜೊತೆ ಮುಳುಗಿದ್ದ ಎಂಜಿನ್ ಇದು. ಹುಡುಕಲು ಹೋದವರ ಬಲೆಗೆ ಮೊದಲು ಎಂಜಿನ್ ಸಿಕ್ಕಿತು. ಯತೀಶ ಆಮೇಲೆ ಸಿಕ್ಕಿದ.

"ಹ್ವಾಯ್ ತಿಮ್ಮಣ್ಣ, ಈ ಎಂಜಿನ್ನಿನ ಆಸಿ ಬಿಡಿ," ಎಂದ ಲೀಲಾಧರ. ಅವನೂ ಆ ದಿನ ದೋಣಿಯಲ್ಲಿದ್ದವನು, ಈಜಿ ದಡ ಸೇರಿದವನು. ಈಗ ತೆಂಗಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ. "ಒಬ್ಬನ್ನ ನುಂಗಿದ್ ಸಾಕಾಯ್ಲಿಲ್ಯಾ ಅದ್ಕೆ?"

"ಕಬ್ಬಿಣ ಎಂತ ಮಾಡತ್ತ್ ಮಾರಾಯ," ಎಂದ ಜಗಲಿಯಲ್ಲಿದ್ದ ತಿಮ್ಮ, ಪೂಜಿತಾಳ ಮಾವ.

"ಕಬ್ಬಿಣ ಎಂತದೂ ಮಾಡ್ತಿಲ್ಲ. ಆರೆ ಮನಿಗ್ ಬಂದವ್ರ ಕಾಲ್ಗುಣ ಅಂಬುದೊಂದ್ ಇತ್ತಲ್ದಾ."

ಅದು ಅವಳಿಗೆ ಕೇಳಲೆಂದೇ ಆಡಿದ ಮಾತು. ಮೊದಮೊದಲು ಹೀಗೆ ಅಂದಾಗ ಅವಳ ಕೈ ನಿಲ್ಲುತ್ತಿತ್ತು. ಈಗ ನಿಲ್ಲುವುದಿಲ್ಲ. ಅವಳು ಇನ್ನೊಂದು ಮೀನು ಎತ್ತಿಕೊಂಡಳು.

ಯತೀಶ ಹೋದ ಮೇಲೆ ಅವಳು ಬ್ರಹ್ಮಾವರಕ್ಕೆ ಬಸ್ಸಿನಲ್ಲಿ ಹೋಗಿ ತರಬೇತಿ ಪಡೆದಿದ್ದಳು. ದೋಣಿ ಎಂಜಿನ್ ರಿಪೇರಿ. ಗಂಡಸರ ನಡುವೆ ಒಬ್ಬಳೇ ಹೆಂಗಸು. ಅತ್ತೆ ಸೀತು ಕೇರಿಯಲ್ಲಿ ಮಾತ್ರ, "ಹೊಲ್ಗಿ ಕಲೂಕ್ ಹೋತ್ಲ್," ಎಂದು ಹೇಳಿಕೊಂಡು ಬಂದಿದ್ದಳು. ಗಂಡ ಸತ್ತವಳು ಹೊಲಿಗೆ ಕಲಿತರೆ ಯಾರೂ ತಿರುಗಿ ನೋಡುವುದಿಲ್ಲ. ಆ ಸುಳ್ಳು ನಿಜವೆಂದೇ ಹಬ್ಬಿ, ಪಕ್ಕದ ಮನೆಯ ಕಮಲ ರವಿಕೆ ಕಣ ತಂದುಕೊಟ್ಟು, "ತೋಳ್ ಬಿಗಿ ಮಾಡ್ಬೇಡ ಕಾಣ್," ಎಂದು ಹೇಳಿ ಹೋಗಿದ್ದಳು. ಆ ಕಣ ಇನ್ನೂ ಗೂಟದಲ್ಲಿ ನೇತಾಡುತ್ತಿತ್ತು. ಎಂಜಿನ್ ಮಾತ್ರ ಯಾರೂ ತರಲಿಲ್ಲ. ತರಬೇತಿ ಮುಗಿಸಿ ಬಂದಾಗ, ಹಿತ್ತಲಲ್ಲಿ ಗೋಣಿ ಸುತ್ತಿಟ್ಟಿದ್ದ ಈ ಎಂಜಿನನ್ನಾದರೂ ಬಿಚ್ಚುತ್ತೇನೆ ಎಂದು ಕೇಳಿದ್ದಳು. "ಅದನ್ ನೀ ಮುಟ್ಟುಕಾಗ," ಎಂದಿದ್ದ ತಿಮ್ಮ. ಅವನೇ ಅದನ್ನು ಬೇರೆ ಊರಿನ ಮೆಕ್ಯಾನಿಕ್ಕಿನಿಂದ ಸರಿಮಾಡಿಸಿ ತಂದಿದ್ದ.

ತರಬೇತಿಯಲ್ಲಿ ಒಂದು ದಿನ ಮಾಸ್ತರು ಶೈಲೇಶ್ ಕಾರ್ಬೊರೇಟರಿನ ಕೆಳಗಿನ ಪುಟ್ಟ ಬಟ್ಟಲನ್ನು ಬಿಚ್ಚಿ ತೋರಿಸಿದ್ದರು. ಈ ಎಂಜಿನ್ ಪೆಟ್ರೋಲಿನಲ್ಲಿ ಹೊತ್ತಿಕೊಳ್ಳುತ್ತದೆ, ಬಿಸಿಯಾದ ಮೇಲೆ ಸೀಮೆಎಣ್ಣೆಯಲ್ಲಿ ಓಡುತ್ತದೆ. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಹೊತ್ತು ಓಡಿಸಬೇಕು. ಇಲ್ಲವಾದರೆ ಬಟ್ಟಲಲ್ಲಿ ಸೀಮೆಎಣ್ಣೆಯೇ ಉಳಿಯುತ್ತದೆ. ಎಂಜಿನ್ ತಣಿದರೆ ಎಷ್ಟು ಎಳೆದರೂ ಹಿಡಿಯುವುದಿಲ್ಲ. ಉಳಿದವರು ತಲೆಯಾಡಿಸಿದರು. ಪೂಜಿತಾ ಎದ್ದು ಹೊರಗೆ ಹೋಗಿ ಕೈ ತೊಳೆದಳು. ತೊಳೆಯುತ್ತಲೇ ನಿಂತಳು.

ಯಾಕೆಂದರೆ ತಿಮ್ಮನ ಒಂದು ಮಾತು ಈ ದಡದಲ್ಲೆಲ್ಲ ಗಾದೆಯಾಗಿತ್ತು. ಪೆಟ್ರೋಲಿಗೆ ತಿರುಗಿಸಿ ನಿಲ್ಲಿಸುವವರನ್ನು ಕಂಡರೆ ಅವನು ನಗುತ್ತಿದ್ದ. "ಪೆಟ್ರೋಲ್ ಅಂದ್ರೆ ಒಗ್ಗರಣಿ ಇದ್ದಂಗೆ. ಮೊದ್ಲಿಗ್ ಒಂದ್ಸರ್ತಿ ಸಾಕ್. ಅದ್ರಗೇ ಅಡ್ಗಿ ಮಾಡೂಕಾತ್ತಾ?" ಬಿಸಿ ಆರುವ ಮುಂಚೆ ಎಳೆದರೆ ಎಂಜಿನ್ ಹಿಡಿಯುತ್ತಿತ್ತು. ಹಾಗಾಗಿ ಅವನ ಗಾದೆ ಅಷ್ಟು ವರ್ಷ ಸುಳ್ಳಾಗಿರಲಿಲ್ಲ. ಯತೀಶ ಅಪ್ಪನ ಮಾತನ್ನು ಒಮ್ಮೆಯೂ ಮೀರಿದವನಲ್ಲ.

ಮಿಥುನ್ ಹಗ್ಗ ಬಿಟ್ಟು ಅಂಗೈ ನೋಡಿಕೊಂಡ. ಬೊಬ್ಬೆ ಎದ್ದಿತ್ತು. ನಾಳೆ ಅವನು ಲೀಲಾಧರನ ಜೊತೆ ಇದೇ ಎಂಜಿನ್ ಹಾಕಿ ಕಡಲಿಗೆ ಇಳಿಯುವವನು.

ಪೂಜಿತಾ ಕೈ ತೊಳೆದು ಹಿತ್ತಲಿಗೆ ಇಳಿದಳು. "ಮಿಥುನ್, ಒಂಚೂರ್ ಆಚಿಗ್ ನಿಲ್."

"ಎಂತ, ಎಂಜಿನ್ನಿಗ್ ರವ್ಕಿ ಹೊಲಿತ್ಯಾ?" ಎಂದ ಲೀಲಾಧರ. ಮಿಥುನ್ ನಕ್ಕ. ಅವಳ ಮುಖ ನೋಡಿ ನಿಲ್ಲಿಸಿದ.

ಅವಳು ಎಂಜಿನ್ನಿನ ಮುಚ್ಚಳ ತೆಗೆದು, ಬಟ್ಟಲಿನ ತಿರುಪು ಸಡಿಲಿಸಿ, ಒಳಗಿದ್ದ ಸೀಮೆಎಣ್ಣೆಯನ್ನು ಚಿಂದಿಯ ಮೇಲೆ ಹರಿಸಿದಳು. ಪೆಟ್ರೋಲಿನ ನಲ್ಲಿ ತೆರೆದಳು. ಸೆರಗು ಸಿಕ್ಕಿಸಿ ಹಗ್ಗ ಎಳೆದಳು. ಎಂಜಿನ್ ಹಿಡಿಯಿತು. ಡ್ರಮ್ಮಿನ ನೀರು ಕುದಿದಂತೆ ಎದ್ದು ಅವಳ ಕಾಲು ತೋಯಿಸಿತು.

"ಎಂತ ಆಯಿತ್ ಅದ್ಕೆ?" ಜಗಲಿಯಿಂದ ತಿಮ್ಮ ಕೂಗಿದ.

ಕಸ ಕೂತಿತ್ತು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಮಾತು ಅವಳ ಬಾಯಿಯವರೆಗೂ ಬಂದಿತ್ತು. ಅಷ್ಟರಲ್ಲಿ ಮಿಥುನ್ ಎಂಜಿನನ್ನು ಸೀಮೆಎಣ್ಣೆಗೆ ತಿರುಗಿಸಿದ, ಸ್ವಲ್ಪ ಹೊತ್ತು ಅದರ ಸದ್ದು ಕೇಳಿದ, ತೃಪ್ತನಾಗಿ ಹಾಗೆಯೇ ನಿಲ್ಲಿಸಲು ಗುಂಡಿಗೆ ಕೈ ಚಾಚಿದ. ಅಣ್ಣ ಮಾಡುತ್ತಿದ್ದಂತೆಯೇ.

ಪೂಜಿತಾ ಅವನ ಮಣಿಕಟ್ಟು ಹಿಡಿದಳು.

"ಹಿಂಗೇ ಬಂದ್ ಮಾಡ್ಬೇಡ. ಮೊದ್ಲ್ ಪೆಟ್ರೋಲಿಗ್ ತಿರ್ಗ್ಸ್."

ಲೀಲಾಧರ ಎದ್ದು ನಿಂತ. ತಿಮ್ಮ ಜಗಲಿಯಿಂದ ಇಳಿದು ಬಂದ. "ಅವ್ನ ಕೈ ಬಿಡ್ ಹೆಣ್ಣೆ. ನಂಗ್ ಎಂಜಿನ್ ಬಂದ್ ಮಾಡೂಕ್ ಕಲ್ಸ್‌ತ್ಯಾ? ಪೆಟ್ರೋಲ್ ಅಂದ್ರೆ ಒಗ್ಗರಣಿ. ಮೊದ್ಲಿಗ್ ಒಂದ್ಸರ್ತಿ—"

"ನಿಮ್ಗ್ ಯಾರ್ ಹೇಳ್ರ್, ಒಗ್ಗರಣಿ ಮೊದ್ಲಿಗ್ ಅಂದೇಳಿ?" ಒಳಗಿಂದ ಸೌಟು ಹಿಡಿದೇ ಬಂದಿದ್ದ ಸೀತು ನಡುವೆ ಬಾಯಿ ಹಾಕಿದಳು. ಜಗಳ ಬೆಳೆಯದಿರಲಿ ಎಂದು ಆಡಿದ ಮಾತು ಅಷ್ಟೇ. "ಸಾರಿಗ್ ಒಗ್ಗರಣಿ ಹಾಕೂದ್ ಕಡಿಗೆ. ಇಷ್ಟ್ ವರ್ಷ ಉಂಡ್ರಿ, ಅಷ್ಟೂ ಗೊತ್ತಿಲ್ಯಾ ನಿಮ್ಗೆ?"

ಮಿಥುನ್ ಮತ್ತೆ ನಕ್ಕ. ಪೂಜಿತಾ ಎಂಜಿನನ್ನು ಪೆಟ್ರೋಲಿಗೆ ತಿರುಗಿಸಿದಳು. ಗೊರಗೊರ ಸದ್ದು ನಿಧಾನವಾಗಿ ತೆಳುವಾಯಿತು. ಆಗ ನಿಲ್ಲಿಸಿದಳು.

"ಕಡಿಗೇ ಮಾವ," ಎಂದಳು. "ಬಟ್ಟಲಲ್ಲ್ ಪೆಟ್ರೋಲ್ ಇರ್ಕ್. ಚಿಮಣಿ ಎಣ್ಣೆ ಉಳ್ದ್ರೆ, ತಣ್ದ ಮೇಲೆ ಹಿಡಿತಿಲ್ಲ."

ತಿಮ್ಮ ಡ್ರಮ್ಮಿನ ಅಂಚು ಹಿಡಿದುಕೊಂಡ. ಅಲುಗುತ್ತಿದ್ದ ನೀರು ನಿಲ್ಲುವವರೆಗೂ ಅದನ್ನೇ ನೋಡಿದ. ಆಮೇಲೆ ತಲೆಯೆತ್ತದೆ ಕೇಳಿದ:

"ಲೀಲಾಧರ, ಅವತ್ತ್ ಬಲೆ ಬಿಟ್ಟ್ ಎಂಜಿನ್ ಬಂದ್ ಮಾಡಿದ್ ಯಾರ್?"

"ಯತೀಶ."

"ಎಂತದ್ರಗೆ?"

ಲೀಲಾಧರ ಸೀತುವಿನ ಕಡೆ ನೋಡಿದ, ಮತ್ತೆ ನೆಲ ನೋಡಿದ. "ಚಿಮಣಿ ಎಣ್ಣೆಲೇ. ನಿಮ್ಮ್ ದೋಣಿಲ್ ಯಾವತ್ತೂ ಹಾಂಗೇ ಅಲ್ದಾ ತಿಮ್ಮಣ್ಣ."

"ಸುಮಾರ್ ಹೊತ್ತ್ ಕೂತಿದ್ರ್ಯಾ?"

"ಕೂತಿದ್ದಿತ್. ಮಳಿ ಹೊಯ್ತಿತ್ತ್. ಗಾಳಿ ಎದ್ದ್ ಮೇಲೆ ಎಳ್ದ, ಎಳ್ದ... ಹಿಡಿಲೇ ಇಲ್ಲ. ನೀರ್ ನಮ್ಮನ್ನ ಅಳ್ವಿಗ್ ತಕ ಬಂತ್."

ಸೀತುವಿನ ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು. ಒಗ್ಗರಣೆಯ ನೆಪದಲ್ಲಿ ತಾನು ಏನು ಹೇಳಿದೆ ಎಂದು ಅವಳಿಗೆ ಈಗ ತಿಳಿದಿತ್ತು.

ತಿಮ್ಮ ಸೊಸೆಯ ಕಡೆ ತಿರುಗಿದ. "ನಿಂಗ್ ಯಾವಾಗ್ ಗೊತ್ತಾಯ್ತ್?"

"ಬ್ರಹ್ಮಾವರದಗೆ."

"ಕಾಲ್ಗುಣ ಅಂದ್ರೂ ನೀ ಸುಮ್ನಿದ್ದೆ."

ಅವಳು ಚಿಂದಿಯನ್ನು ಮಡಚಿದಳು. "ಮಿಥುನ್ ಕಡಲಿಗ್ ಹೋಪವ ಅಲ್ದಿದ್ರೆ ಇವತ್ತೂ ಹೇಳ್ತಿರ್ಲಿಲ್ಲ ಮಾವ."

ಲೀಲಾಧರ ಚಪ್ಪಲಿ ಹುಡುಕಿ ಹಾಕಿಕೊಂಡ. ಬೇಲಿಯ ದಣಪೆಯ ಹತ್ತಿರ ಒಮ್ಮೆ ನಿಂತು ತಿರುಗಿ ನೋಡಿ ಹೋದ.

ಆ ಸಂಜೆಯ ಸಾರಿಗೆ ಒಗ್ಗರಣೆ ಇರಲಿಲ್ಲ. ಯಾರೂ ಕೇಳಲಿಲ್ಲ. ಅದಾದ ಮೇಲೂ ಆ ಮನೆಯಲ್ಲಿ ಸಾಸಿವೆ ಸಿಡಿದ ಸದ್ದು ಬಹಳ ಕಾಲ ಕೇಳಲಿಲ್ಲ.

ಮರುದಿನ ಮಿಥುನ್ ಮತ್ತು ಲೀಲಾಧರ ಕಡಲಿಗೆ ಹೋದ ಮೇಲೆ ತಿಮ್ಮ ಹಿತ್ತಲಿನ ಡ್ರಮ್ಮನ್ನು ಬಗ್ಗಿಸಿ ನೀರು ಚೆಲ್ಲಿದ. ಅದನ್ನು ಉರುಳಿಸಿಕೊಂಡು ಮನೆಯ ಮುಂದಕ್ಕೆ ತಂದ. ದಡಕ್ಕೆ ಹೋಗುವ ದಾರಿಯ ಬದಿಯಲ್ಲಿ, ಹಾದುಹೋಗುವವರಿಗೆಲ್ಲ ಕಾಣುವ ಕಡೆ ನಿಲ್ಲಿಸಿ, ಬಾವಿಯಿಂದ ಒಂದೊಂದೇ ಕೊಡ ತಂದು ತುಂಬಿಸತೊಡಗಿದ. ಪೂಜಿತಾ ನೆರವಿಗೆ ಹೋದರೆ ಬೇಡವೆಂದು ಕೈಯಾಡಿಸಿದ.

ಬೇಲಿಯಾಚೆಯಿಂದ ಕಮಲ ಕೂಗಿದಳು. "ಸೀತಕ್ಕ, ನನ್ನ್ ರವ್ಕಿ ಎಂತ ಆಯ್ತ್? ಹಬ್ಬಕ್ಕಾರೂ ಸಿಕ್ಕತ್ತಾ?"

ಸೀತು ಗೂಟದಲ್ಲಿದ್ದ ಕಣವನ್ನು ತೆಗೆದು, ಧೂಳು ಕೊಡವಿ ತಂದುಕೊಟ್ಟಳು.

"ಅವ್ಳಿಗ್ ಹೊಲೂಕ್ ಬತ್ತಿಲ್ಲ ಮಾರಾಯ್ತಿ. ನಿನ್ನ ಗಂಡನ ಎಂಜಿನ್ ಹಾಳಾದ್ರೆ ಇಲ್ಲಿಗ್ ತಕಂಬಾ ಅಂದೇಳ್."

ಕಮಲ ಕಣ ಹಿಡಿದುಕೊಂಡು ಡ್ರಮ್ಮನ್ನೂ ಸೀತುವನ್ನೂ ನೋಡುತ್ತ ನಿಂತಳು.

ಮಧ್ಯಾಹ್ನದ ಹೊತ್ತಿಗೆ ಅಳಿವೆಯ ಕಡೆಯಿಂದ ಎಂಜಿನ್ನಿನ ಸದ್ದು ಬಂತು. ಪೂಜಿತಾಳಿಗೆ ಆ ಸದ್ದು ನೂರು ಸದ್ದುಗಳ ನಡುವೆಯೂ ಗೊತ್ತಾಗುತ್ತಿತ್ತು. ದಪ್ಪ, ಗೊರಗೊರ, ಸೀಮೆಎಣ್ಣೆಯ ಸದ್ದು. ಅದು ಹತ್ತಿರಾಯಿತು, ಇನ್ನೂ ಹತ್ತಿರಾಯಿತು. ಅವಳು ಕೈಯಲ್ಲಿದ್ದುದನ್ನು ಕೆಳಗಿಟ್ಟಳು. ಡ್ರಮ್ಮಿನ ಹತ್ತಿರ ಖಾಲಿ ಕೊಡ ಹಿಡಿದಿದ್ದ ತಿಮ್ಮನೂ ತಲೆ ವಾರೆ ಮಾಡಿ ನಿಂತಿದ್ದ.

ಸದ್ದು ತೆಳುವಾಯಿತು. ಸ್ವಲ್ಪ ಹೊತ್ತು ತೆಳುವಾಗಿಯೇ ಓಡಿತು.

ಆಮೇಲೆ ನಿಂತಿತು.