ಹಿಂದಿನ ಎಡಗಡೆಯ ಗ್ಲಾಸು

ಕಾರಿನ ಗ್ಲಾಸು ಮುಕ್ಕಾಲು ಭಾಗ ಏರಿತು, ಒಂದು ಕ್ಷಣ ನಿಂತಿತು, ಆಮೇಲೆ ಯಾರೋ ಒಳಗಿನಿಂದ ಬೇಡವೆಂದು ಎಳೆದಂತೆ ಸರ್ರನೆ ಕೆಳಗಿಳಿಯಿತು.

"ನೋಡಿ ಅಪ್ಪಾಜಿ, ಎರಡು ದಿನದಿಂದ ಹಿಂಗೇ ಮಾಡ್ತಿದೆ" ಎಂದಳು ಮಗಳು ಅಕ್ಷತಾ. "ನಾಲ್ಕಕ್ಕೆ ಕುಣಿಗಲ್ಲಿಗೆ ಹೊರಡ್ಬೇಕು, ಮೋಡ ಬೇರೆ. ಶಿರಾ ಗೇಟಿನ ಗ್ಯಾರೇಜಲ್ಲಿ ಕೇಳಿದ್ರೆ ಸೋಮವಾರ ಬನ್ನಿ ಅಂದ್ರು."

"ಮೋಟ್ರು ತಾನೆ? ಬುಡು, ನಾನಿದೀನಿ" ಎಂದರು ರೇವಣಸಿದ್ದಯ್ಯ.

ಮೂವತ್ತು ವರ್ಷ ಪಂಪ್‌ಸೆಟ್ಟುಗಳಿಗೆ ವೈಂಡಿಂಗ್ ಮಾಡಿದ ಕೈ ಅವರದು. ಗುಬ್ಬಿ ತಾಲೂಕಿನಲ್ಲಿ ಅವರು ಬಿಚ್ಚದ ಮೋಟಾರು ಕಡಿಮೆ. ಮನೆ ಮುಂದೆ ಮಣೆ ಹಾಕಿಕೊಂಡು ಕೂತು ಕಾರಿನ ಬಾಗಿಲಿನ ಪ್ಯಾಡು ಕಳಚಿದರು. ಐದು ವರ್ಷದ ಮೊಮ್ಮಗಳು ಸಿಂಚನ ಪಕ್ಕದಲ್ಲೇ ನಿಂತಳು. ಹಿಂದಿನ ಎಡಗಡೆಯ ಸೀಟು ಅವಳದು. ಕಾರು ಹತ್ತಿದರೆ ಸಾಕು, ಗ್ಲಾಸು ಇಳಿಸಿ, ಕತ್ತು ಹೊರಗೆ ಹಾಕಿ, ಗಾಳಿಗೆ ಬಾಯಿ ತೆರೆದು ಕೂರುವಳು. ಬೈದು ಬೈದು ಎಲ್ಲರಿಗೂ ಸಾಕಾಗಿತ್ತು.

ಮೋಟಾರಿಗೆ ಬ್ಯಾಟರಿಯಿಂದ ನೇರವಾಗಿ ಕರೆಂಟು ಕೊಟ್ಟು ನೋಡಿದರು. ಚೆನ್ನಾಗಿಯೇ ತಿರುಗಿತು. ಹಾಗಾದರೆ ತಂಟೆ ಮಾಡುತ್ತಿರುವುದು ಪಕ್ಕದ ಪುಟ್ಟ ಕಪ್ಪು ಡಬ್ಬಿ. ಪಂಪ್‌ಸೆಟ್ಟಿನವರಿಗೆ ಇದು ಹೊಸದಲ್ಲ. ಸ್ಟಾರ್ಟರು ಪದೇಪದೇ ಟ್ರಿಪ್ ಆದರೆ ಕಾರಣ ಹುಡುಕುತ್ತ ಕೂರುವವರು ಯಾರು? ಅದನ್ನು ಬಿಟ್ಟು ಡೈರೆಕ್ಟ್ ಕೊಡುವುದೇ ರೂಢಿ. ರೇವಣಸಿದ್ದಯ್ಯ ಡಬ್ಬಿ ಕಳಚಿಟ್ಟು, ಸ್ವಿಚ್ಚಿನಿಂದ ಮೋಟಾರಿಗೆ ಡೈರೆಕ್ಟ್ ಕೊಟ್ಟರು. ಗ್ಲಾಸು ಎಲ್ಲೂ ನಿಲ್ಲದೆ ಏರಿ ಠಪ್ಪೆಂದು ಮೇಲಕ್ಕೆ ಬಡಿಯಿತು. ಸಿಂಚನ ಚಪ್ಪಾಳೆ ತಟ್ಟಿದಳು.

ಮೆಟ್ಟಿಲ ಮೇಲೆ ಮೂಲಂಗಿ ಸೊಪ್ಪು ಬಿಡಿಸುತ್ತಿದ್ದ ಹೆಂಡತಿ ಸರ್ವಮಂಗಳಮ್ಮ ತಲೆ ಎತ್ತಿದರು.

"ಒಂದ್ ಮಾತು ಹೇಳಿ. ಕೆಟ್ಟೋಗಿರೋದು ಇದ್ದಲ್ಲೇ ನಿಂತ್ಕೊಳ್ತದೆ. ಇದ್ಯಾಕೆ ವಾಪಸ್ ಇಳೀತಿತ್ತು?"

"ಅದೇ ಕಣೇ ಫಾಲ್ಟು."

"ಇಳೀಲಿ ಅಂತ ಯಾರೋ ಬೇಕೂಂತ್ಲೇ ಮಾಡಿದ್ರೆ?"

"ವೈಂಡಿಂಗ್ ಯಾವಾಗ ಕಲ್ತೆ ನೀನು?"

"ನಿಮ್ಮನ್ನ ಕಟ್ಕೊಂಡಾಗ. ಎಲ್ಲಿ, ನಿಮ್ ಕೈ ಇಟ್ಟು ತೋರ್ಸಿ. ಆಮೇಲೆ ಕೂಸ್ನ ಕೂರ್ಸೋಣ."

ನಗುತ್ತಲೇ ಕೈ ಎತ್ತಿದರು. ಕೈ ಗ್ಲಾಸಿನ ಅಂಚಿನವರೆಗೂ ಹೋಗಿ ಅಲ್ಲೇ ನಿಂತಿತು. ಸಿ.ಎಸ್. ಪುರದ ಚನ್ನವೀರಯ್ಯನ ಕೈ ಕಣ್ಣ ಮುಂದೆ ಬಂತು. ಅವನ ಹಳೇ ಬೆಲ್ಟ್ ಪಂಪಿಗೆ ಡೈರೆಕ್ಟ್ ಕೊಟ್ಟವರು ಇವರೇ. ಬೆಲ್ಟು ಸರಿಮಾಡುವಾಗ ಕರೆಂಟು ಬಂದು, ತಡೆಯುವ ಸ್ಟಾರ್ಟರಿಲ್ಲದೆ ಮೋಟಾರು ತಾನಾಗಿ ತಿರುಗಿ, ಎರಡು ಬೆರಳು ಹೋದವು. ಊರೆಲ್ಲ ಕರೆಂಟನ್ನು ಬೈದಿತು. ಇವರು ಬಾಯಿ ಬಿಡಲಿಲ್ಲ.

ಸರ್ವಮಂಗಳಮ್ಮ ಎದ್ದು ಬಂದು, ಒಂದು ಮೂಲಂಗಿಯನ್ನು ಗ್ಲಾಸಿನ ಸಂದಿಗೆ ಹಿಡಿದರು. "ಒತ್ತಿ."

ಒತ್ತಿದರು. ಗ್ಲಾಸು ಅವಸರ ಮಾಡಲಿಲ್ಲ, ಅನುಮಾನಿಸಲೂ ಇಲ್ಲ. ಕಟಕ್! ಅರ್ಧ ಮೂಲಂಗಿ ಒಳಗೆ ಸಿಂಚನಳ ಸೀಟಿನ ಮೇಲೆ ಬಿತ್ತು.

"ತಾತಾ, ಇನ್ನೊಂದ್ ಸಲ!" ಎಂದು ಮಗು ಕುಣಿಯಿತು. ಅಕ್ಷತಾ ಅವಳನ್ನು ಬರಸೆಳೆದು ಹಿಡಿದುಕೊಂಡಳು.

ರೇವಣಸಿದ್ದಯ್ಯ ವೈರು ಬಿಚ್ಚಿ ಕಪ್ಪು ಡಬ್ಬಿಯನ್ನು ಮೊದಲಿನಂತೆಯೇ ಜೋಡಿಸಿದರು. ಮೊದಲೇ ಹುಡುಕಬೇಕಿದ್ದ ಕಾರಣವನ್ನು ಈಗ ಹುಡುಕಿದರು. ಗ್ಲಾಸು ಜಾರುವ ರಬ್ಬರಿನ ಸಂದಿಗೆ ಹಳೇ ಬ್ರಷ್ಷು ಹಾಕಿ ಕೆರೆದರೆ ಸಿಮೆಂಟಿನಂತೆ ಗಟ್ಟಿಯಾದ ಬಿಳಿ ಹೆಕ್ಕಳೆ ಉದುರಿತು. ಆಯುಧಪೂಜೆಯ ವಿಭೂತಿ. ಅದು ತಡೆದಾಗಲೆಲ್ಲ ಯಾರದೋ ಕೈ ಸಿಕ್ಕಿತೆಂದು ಡಬ್ಬಿ ಗ್ಲಾಸನ್ನು ಇಳಿಸುತ್ತಿತ್ತು.

"ಕೂಸಿನ ಕಡೆ ಅಂತ ನಾನೇ ಒಂಚೂರು ಜಾಸ್ತಿ ಬಳಿದಿದ್ದೆ" ಎಂದರು ಸರ್ವಮಂಗಳಮ್ಮ, ಮೆಲ್ಲಗೆ.

ತೊಳೆದು ಒರೆಸಿದ ಮೇಲೆ ಗ್ಲಾಸು ಬೆಣ್ಣೆಯಂತೆ ಏರಿತು. ಇನ್ನೊಮ್ಮೆ ಇಳಿಸಿ, ಯಾರೂ ಕೇಳದಿದ್ದರೂ ನಾಲ್ಕು ಬೆರಳನ್ನು ಸಂದಿಯಲ್ಲಿಟ್ಟು ಸ್ವಿಚ್ಚು ಒತ್ತಿದರು. ಗ್ಲಾಸು ಬಂದು ಬೆರಳು ಮುಟ್ಟಿತು. ಅದುಮಿತು. ಆಮೇಲೆ ಗ್ಲಾಸು ತಾನಾಗಿ ಇಳಿಯಿತು.

ನಾಲ್ಕಕ್ಕೆ ಕಾರು ಹೊರಟಿತು. ತಿರುವಿನಲ್ಲಿ ಸಿಂಚನ ತಲೆ ಹೊರಗೆ ಹಾಕಿ ಟಾಟಾ ಮಾಡಿದಳು. ರೇವಣಸಿದ್ದಯ್ಯ ಕೈ ಎತ್ತಿದರು. ಬೆರಳುಗಳ ಮೇಲೆ ಗ್ಲಾಸು ಒತ್ತಿದ ಗೆರೆ ಇನ್ನೂ ಮಾಸಿರಲಿಲ್ಲ. ಅದನ್ನೇ ನೋಡುತ್ತ ನಿಂತವರು ತಟ್ಟನೆ ಫೋನು ತೆಗೆದು ಸಿ.ಎಸ್. ಪುರಕ್ಕೆ ಮಾಡಿದರು.

"ಚನ್ನವೀರಯ್ಯ, ಆವತ್ತು ನಾನು ಕೊಟ್ಟ ಡೈರೆಕ್ಟು ಇನ್ನೂ ಹಂಗೇ ಐತಾ?"

"ಐತಲ್ಲ ಸಿದ್ದಯ್ಯನೋರೆ, ಯಾರು ಬಿಚ್ತಾರೆ? ಈಗ ಮಗ ನೋಡ್ಕೊತಾನೆ. ಬೆಲ್ಟು ಕಳಚ್ಕೊಂಡೈತೆ ಅಂತ ಅಕೋ, ಅಲ್ಲೇ ಬಾವಿ ತಾವ ಕೂತವ್ನೆ."

"ಕರೆಂಟು ಐತಾ?"

"ಇಲ್ಲ, ಇನ್ನೇನು ಬರೋ ಹೊತ್ತು."

"ಅವನ್ನ ಕರಿ! ಮೊದಲು ಅವನ್ನ ಈ ಕಡೆ ಕರಿ—"

ಆ ಕಡೆಯಿಂದ ಉತ್ತರ ಬರುವ ಮೊದಲೇ, ಫೋನಿನಲ್ಲಿ, ದೂರದಲ್ಲೊಂದು ಮೋಟಾರು ತಾನಾಗಿ ತಿರುಗತೊಡಗಿದ ಸದ್ದು ಕೇಳಿಸಿತು.