ಅತ್ತೆಯ ಒಲೆಗೆ ಅಳಿಯನ ಕಾವಲು

ಊರೆಲ್ಲ ಅವನನ್ನು ಸೈರನ್ ಎಂದೇ ಕರೆಯುತ್ತಿತ್ತು. ಮನೆಗಳಿಗೆ ಕಳ್ಳರ ಅಲಾರಂ, ಬೆಂಕಿಯ ಅಲಾರಂ ಹಾಕುವುದು ಅವನ ಕಸುಬು. ಆದರೆ ಆ ಅಡ್ಡಹೆಸರು ಬಂದದ್ದು ಕಸುಬಿನಿಂದಲ್ಲ, ಗಂಟಲಿನಿಂದ. ಕಾಲೇಜಿನಲ್ಲಿದ್ದಾಗಲೇ ಆಂಬುಲೆನ್ಸು, ಬೆಂಕಿ ಆರಿಸುವ ಗಾಡಿ, ಪ್ರಿನ್ಸಿಪಾಲರ ಹಳೇ ಸ್ಕೂಟರು, ಇವುಗಳನ್ನೆಲ್ಲ ಕಣ್ಣು ಮುಚ್ಚಿ ಕೇಳಿದರೂ ಗುರುತು ಸಿಗುವಂತೆ ಕೂಗಬಲ್ಲವನಾಗಿದ್ದ. ಹಾಜರಿ ಕರೆಯುವಾಗ ಬಾರದ ಗೆಳೆಯರ ಪರವಾಗಿ ಅವರವರದೇ ದನಿಯಲ್ಲಿ 'ಪ್ರೆಸೆಂಟ್ ಸರ್' ಎಂದು ಪ್ರಾಕ್ಸಿ ಕೊಟ್ಟೂ ಕೊಟ್ಟೂ, ಒಂದು ದಿನ ತನ್ನ ಸರದಿ ಬರುವ ಹೊತ್ತಿಗೆ ಗಂಟಲು ಕಟ್ಟಿ, ಎದುರಿಗೇ ಕೂತಿದ್ದರೂ ತಾನೇ ಗೈರುಹಾಜರಾಗಿದ್ದ.

ಮದುವೆಯಾದ ಮೇಲೆ ಈ ಕಲೆಗೆ ಹೊಸ ಸರಕು ಸಿಕ್ಕಿತು: ಹೆಂಡತಿಯ ತವರು. ಅಲ್ಲಿ ಇದ್ದದ್ದು ಇಬ್ಬರೇ. ಒಬ್ಬರು ಅತ್ತೆ. ದೊಡ್ಡ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಕಣ್ಣಿಗೆ ಬಿದ್ದದ್ದನ್ನೆಲ್ಲ ತೊಳೆಯುವವರು, ತೊಳೆದದ್ದನ್ನು ಮತ್ತೊಮ್ಮೆ ತೊಳೆಯುವವರು. ಇನ್ನೊಬ್ಬ ಅವರ ಮಗ, ಹೆಂಡತಿಯ ಅಣ್ಣ. ವಿಮಾ ಕಂಪನಿಯ ಪರವಾಗಿ ಸುಟ್ಟುಹೋದ ಮನೆ, ಅಂಗಡಿ, ಗೋದಾಮುಗಳನ್ನು ನೋಡಿ ವರದಿ ಬರೆಯುವ ಕೆಲಸ. ಭಾವನೇನೋ ಹೌದು, ಆದರೆ ಮುಖದಲ್ಲಿ ಭಾವ ಕಾಣುವುದು ಅಪರೂಪ. ಮೂಗಿನಲ್ಲೇ ಮಾತಾಡುತ್ತ, ಪ್ರತಿ ಮಾತನ್ನೂ 'ವಿಷಯ ಏನಪ್ಪಾ ಅಂದ್ರೆ' ಎಂದೇ ಶುರು ಮಾಡುವ ಆತನನ್ನು ಸೈರನ್ ಎಷ್ಟು ಚೆನ್ನಾಗಿ ಅನುಕರಿಸುತ್ತಿದ್ದನೆಂದರೆ, ಫೋನಿನಲ್ಲಿ ಹೆಂಡತಿಯೇ ಎಷ್ಟೋ ಸಲ 'ಹೇಳಣ್ಣಾ' ಎಂದುಬಿಡುತ್ತಿದ್ದಳು.

ಅತ್ತೆಯ ವಾಸ ಮಹಡಿಯ ಕೋಣೆಯಲ್ಲಿ. ತಗ್ಗು ಸೂರು, ಕಿಟಕಿ, ಮಂಚ, ಒಂದು ಮೂಲೆಯಲ್ಲಿ ಮೇಜು, ಮೇಜಿನ ಮೇಲೆ ಸಣ್ಣದೊಂದು ಗ್ಯಾಸ್ ಒಲೆ. ಬೇಕೆನಿಸಿದಾಗ ಎದ್ದು ತಮ್ಮ ಟೀ ತಾವೇ ಮಾಡಿಕೊಂಡು, ಕಿಟಕಿಯ ಬಳಿ ಕೂತು ಪದಬಂಧ ಬಿಡಿಸುವುದು ಅವರ ದಿನಚರಿ. ಸಂಜೆ ಮಗ ಬಂದರೆ ಅವನಿಗೂ ಒಂದು ಲೋಟ. ಹಾಗೆ ಒಂದು ದಿನ ಹಾಲಿಟ್ಟು ಪದಬಂಧಕ್ಕೆ ಕೂತವರಿಗೆ ಜೊಂಪು ಹತ್ತಿತು. ಹಾಲು ಉಕ್ಕಿ, ಇಂಗಿ, ಪಾತ್ರೆ ಕರಿಕಲಾಗಿ, ಹೊಗೆ ಮೆಟ್ಟಿಲಿಳಿದು ಕೆಳಗೆ ಬಂತು. ಭಾವ ಮೇಲೆ ಓಡಿಹೋಗಿ ಒಲೆ ಆರಿಸಿದ, ಕಿಟಕಿ ತೆರೆದ. ಮರುದಿನ ಬೆಳಿಗ್ಗೆ, ಒಲೆ ಕೆಳಗೆ ಬರಬೇಕು ಎಂದ. ಅಂದಿನಿಂದ ಮಹಡಿಯ ಟೀಯನ್ನೂ ಮುಟ್ಟಲಿಲ್ಲ.

"ಈ ಮನೇಲಿ ನನ್ನದು ಅಂತ ಉಳಿದಿರೋದು ಅದೊಂದೇ ಕಣೇ. ಮಿಕ್ಕಿದ್ದೆಲ್ಲಾ ನಮ್ಮದು," ಎಂದು ಅತ್ತೆ ಮಗಳ ಬಳಿ ಹೇಳಿಕೊಂಡರು. ಒಲೆಯ ಮೇಲಿನ ಆ ಒಲವನ್ನು ಮಗಳು ಗಂಡನಿಗೆ ದಾಟಿಸಿದಳು. "ರೀ, ಊರವರ ಮನೆಗೆಲ್ಲಾ ಅಲಾರಂ ಹಾಕ್ತೀರಿ. ನಮ್ಮಮ್ಮನ ಒಲೆ ಉಳಿಸೋಕೆ ಒಂದು ಹಾಕೋಕಾಗಲ್ವಾ?"

ಸೈರನ್ ಹೋಗಿ ಭಾವನ ಎದುರು ಕೂತ.

"ವಿಷಯ ಏನಪ್ಪಾ ಅಂದ್ರೆ," ಎಂದ ಭಾವ, "ನಾನು ನೋಡಿದ ಸುಟ್ಟ ಮನೇಲೆಲ್ಲಾ ಯಾರಾದ್ರೂ ಒಬ್ರು ಇದ್ದೇ ಇರ್ತಾರೆ, ಈಗಷ್ಟೇ ಕಣ್ಣು ಮುಚ್ಚಿದ್ದೆ ಅನ್ನೋರು. ನಮ್ಮಮ್ಮ ಆ ಮಾತು ಹೇಳೋದನ್ನ ನಾನು ಕೇಳಬಾರದು. ನಿನ್ನ ಅಲಾರಂನ ನಂಬಬಹುದಾ?"

"ಅಳಿಯ ಹಾಕಿದ್ದು ಅಳಿಯೋದಿಲ್ಲ ಭಾವ."

ಭಾವ ನಗಲಿಲ್ಲ. "ನಂಬಬಹುದಾ ಅಂತ ಕೇಳ್ದೆ."

"ನಂಬಬಹುದು."

"ಹಾಗಾದ್ರೆ ಒಲೆ ಮೇಲೇ ಇರ್ಲಿ. ಅದು ಒಂದೇ ಒಂದು ಸಲ ಕೈಕೊಡ್ತು ಅಂದ್ರೂ ಒಲೆ ಕೆಳಗೆ. ಆಮೇಲೆ ನಿನ್ನ ಮಾತೂ ಇಲ್ಲ, ಅಮ್ಮನ ಮಾತೂ ಇಲ್ಲ."

ಕೆಲಸ ಶುರುವಾಯಿತು. ಮೆಟ್ಟಿಲ ಕೆಳಗಿನ ಗೋಡೆಗೆ ಪ್ಯಾನೆಲ್ಲಿನ ಡಬ್ಬಿ ಕೂರಿಸಿ, ಕರೆಂಟು ಹೋದರೂ ಕಾವಲು ತಪ್ಪದಿರಲೆಂದು ಒಳಗೆ ಬ್ಯಾಟರಿ ಇಟ್ಟ. ಕಳ್ಳರಿಗಾಗಿ ಮುಂಬಾಗಿಲು ಹಿಂಬಾಗಿಲುಗಳ ಚೌಕಟ್ಟಿಗೆ ಸಣ್ಣ ಸ್ವಿಚ್ಚು, ಬಾಗಿಲಿಗೆ ಅದರ ಜೋಡಿ ಅಯಸ್ಕಾಂತ. ಅತ್ತೆ ಸೆರಗಿನಲ್ಲಿ ಧೂಳು ಹಿಡಿಯಲು ಸಿದ್ಧರಾಗಿ ಡ್ರಿಲ್ಲಿನ ಕೆಳಗೇ ನಿಂತಿದ್ದರು.

"ಇವೆರಡೂ ಗಂಡ ಹೆಂಡತಿ ಇದ್ದ ಹಾಗೆ ಅತ್ತೆ. ದೂರ ಆದ್ರೆ ಗಲಾಟೆ."

"ಹತ್ತಿರ ಇದ್ರೆ ಗಲಾಟೆ ಇಲ್ವಾ ಅಳಿಯಂದ್ರೇ? ನಿಮ್ಮನೇಲಿ ಏನೋ ಹೊಸ ಪದ್ಧತಿ ಇರಬೇಕು."

ಬೆಂಕಿಯ ಸಾಲು ಬೇರೆ. ಪ್ಯಾನೆಲ್ಲಿನಿಂದ ಹೊರಟ ವೈರು ನಡುಮನೆಯ ಸೂರಿಗೆ ಕೂರಿಸಿದ, ಬೆಂಕಿ ಪತ್ತೆ ಮಾಡುವ ಬಿಳಿ ಬಿಲ್ಲೆಗೆ, ಅಲ್ಲಿಂದ ಮೆಟ್ಟಿಲ ತಿರುವಿನ ಬಿಲ್ಲೆಗೆ, ಅಲ್ಲಿಂದ ಅತ್ತೆಯ ಒಲೆಯ ಮೇಲಿನ ಬಿಲ್ಲೆಗೆ. ಮೊದಲಿನವು ಹೊಗೆ ಮೂಸುವಂಥವು. ಕೊನೆಯದು ಬಿಸಿ ಮೀರಿದರೆ ಮಾತ್ರ ಕೂಗುವಂಥದ್ದು, ಇಲ್ಲದಿದ್ದರೆ ಟೀಯ ಹಬೆಗೂ ಬೊಬ್ಬೆ ಹಾಕೀತು. ಈ ಸಾಲಿನ ತುತ್ತತುದಿಯಲ್ಲಿ, ಕೊನೆಯ ಬಿಲ್ಲೆಯ ಬುಡದೊಳಗೆ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ರೆಸಿಸ್ಟರ್ ಒಂದನ್ನು ಕೂರಿಸಬೇಕು. ಪ್ಯಾನೆಲ್ಲು ಸದಾ ಒಂದಿಷ್ಟು ಕರೆಂಟನ್ನು ವೈರಿನುದ್ದಕ್ಕೂ ಕಳಿಸುತ್ತಲೇ ಇರುತ್ತದೆ. ಅದು ಎಲ್ಲ ಬಿಲ್ಲೆಗಳನ್ನೂ ತುದಿಯ ರೆಸಿಸ್ಟರನ್ನೂ ಹಾದು ಮರಳಿದರೆ ದಾರಿ ನೆಟ್ಟಗಿದೆ ಎಂದರ್ಥ: ಹಸಿರು ದೀಪ. ನಡುವೆ ವೈರು ತುಂಡಾದರೆ, ಯಾರಾದರೂ ಬಿಲ್ಲೆ ಕಳಚಿದರೆ, ಹೋದದ್ದು ಮರಳುವುದಿಲ್ಲ. ಆಗ ಹಳದಿ ದೀಪ ಹೊತ್ತಿಕೊಂಡು ಪ್ಯಾನೆಲ್ಲು ಕುಂಯ್‌ಗುಡುತ್ತದೆ.

ಸೈರನ್ ಮಹಡಿಗೆ ಹೋಗುವ ಹೊತ್ತಿಗೆ ಅತ್ತೆ ಊಟ ಮುಗಿಸಿ ಕದ ಹಾಕಿಕೊಂಡು ಮಲಗಿದ್ದರು. ಎಬ್ಬಿಸಲು ಮನಸ್ಸಾಗಲಿಲ್ಲ. ಅವರು ಏಳುವವರೆಗೆ ಮಿಕ್ಕದ್ದನ್ನಾದರೂ ಪರೀಕ್ಷೆ ಮಾಡೋಣವೆಂದು ಕೆಳಗೆ ಬಂದು, ಆ ರೆಸಿಸ್ಟರನ್ನು ಪ್ಯಾನೆಲ್ಲಿನ ಸ್ಕ್ರೂಗಳಿಗೇ ಸಿಕ್ಕಿಸಿದ. ತಾತ್ಕಾಲಿಕಕ್ಕೆ ಅಷ್ಟೇ, ಈ ಕಸುಬಿನವರೆಲ್ಲ ಮಾಡುವುದೇ. ಹಸಿರು ದೀಪ ಬಂತು.

ಅಷ್ಟರಲ್ಲಿ ಭಾವ ಬಂದ. ಮನೆಗೆ ಬಂದೊಡನೆ ಮೆಟ್ಟಿಲ ಬುಡದಲ್ಲಿ ನಿಂತು "ಅಮ್ಮಾ" ಎಂದು ಕೂಗುವುದು ಆತನ ರೂಢಿ. ಮೇಲಿನಿಂದ "ಇದ್ದೀನಿ ಕಣೋ" ಎಂದು ಬಂದ ಮೇಲೆಯೇ ಚಪ್ಪಲಿ ಬಿಡುವುದು. ಆವತ್ತೂ ಕೂಗಿದ. ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಅಳಿಯನ ಗಂಟಲಿಗೆ ತಡೆಯಲಾಗಲಿಲ್ಲ.

"ಇದ್ದೀನಿ ಕಣೋ. ಕೈಕಾಲು ತೊಳ್ಕೋ, ಹೊರಗಿನ ಕೊಳೆ ಎಲ್ಲಾ ಒಳಗೆ ತರಬೇಡ."

ಭಾವ ಚಪ್ಪಲಿ ಬಿಟ್ಟು ನೇರ ಬಚ್ಚಲಿಗೆ ನಡೆದ. ನೀರಿನ ಸದ್ದಾದ ಮೇಲೆ ಮಹಡಿಯ ಕದ ತೆರೆಯಿತು. "ಯಾರದು, ನಾನು ಮಲಗಿರುವಾಗ ನನ್ನ ಪರವಾಗಿ ಮಾತಾಡ್ತಿರೋದು?" ಎಂದು ಅಸಲಿ ಅತ್ತೆಯ ದನಿ ಇಳಿದು ಬಂತು. ಭಾವ ಒದ್ದೆ ಕಾಲಿನಲ್ಲಿ ಹೊರಬಂದು ಒಮ್ಮೆ ಮೇಲೆ, ಒಮ್ಮೆ ಮೆಟ್ಟಿಲ ಕೆಳಗೆ ನೋಡಿದ. ತುಟಿಯ ಒಂದು ಕೊನೆ ಮಾತ್ರ ಅಲುಗಿತು. ಅತ್ತೆಯಂತೂ ನಕ್ಕೂ ನಕ್ಕೂ ಮೆಟ್ಟಿಲ ಮೇಲೇ ಕೂತುಬಿಟ್ಟರು.

ಆ ನಗುವಿನಲ್ಲೇ ಟೀಯಾಯಿತು, ಟೀಯ ನಡುವೆಯೇ ಕೊನೆಯ ಬಿಲ್ಲೆಯೂ ಸೂರಿಗೇರಿತು. ಕೂದಲು ಒಣಗಿಸುವ ಯಂತ್ರದಿಂದ ಅದಕ್ಕೆ ಬಿಸಿಗಾಳಿ ಹಿಡಿದಾಗ ಸೈರನ್ ಹಾಕಿದ ಸೈರನ್ ಮನೆ ನಡುಗುವಂತೆ ಕೂಗಿತು. ಭಾವ ತಲೆಯಾಡಿಸಿದ. ಒಲೆ ಮೇಲೆಯೇ ಉಳಿಯಿತು. ರೆಸಿಸ್ಟರ್ ಕೆಳಗೆಯೇ ಉಳಿಯಿತು.

ಕೆಲವು ವಾರ ಕಳೆದ ಮೇಲೆ ಒಂದು ಇಳಿಹೊತ್ತು, ಪಕ್ಕದ ಬೀದಿಯಲ್ಲಿ ಕೆಲಸ ಮುಗಿಸಿದ ಸೈರನ್ ಚೀಲದ ಸಮೇತ ಅತ್ತೆ ಮನೆಗೆ ಹೊಕ್ಕ. ನಡುಮನೆಯಲ್ಲಿ ಪೇಪರು ಓದುತ್ತಿದ್ದ ಭಾವ, ಪ್ಯಾನೆಲ್ಲಿನ ಕಡೆ ಗಲ್ಲ ಎತ್ತಿ ತೋರಿಸಿದ. "ದಿನಾ ಮಲಗೋ ಮುಂಚೆ ನೋಡ್ತೀನಿ. ಹಸಿರೇ ಹಸಿರು." ಭಾವನ ಬಾಯಲ್ಲಿ ಅದು ಹೊಗಳಿಕೆ. ಸೈರನ್ ಎದೆಯುಬ್ಬಿಸಿಕೊಂಡೇ ಮೆಟ್ಟಿಲು ಹತ್ತಿದ.

ಮಹಡಿಯ ಕಿಟಕಿಯಲ್ಲಿ ತೊಳೆದ ಲೋಟಗಳು ಸಾಲಾಗಿ ಬೋರಲು ಬಿದ್ದಿದ್ದವು. ಅವುಗಳ ನಡುವೆ, ಅವುಗಳಷ್ಟೇ ಶುಭ್ರವಾಗಿ, ಒಂದು ಬಿಳಿ ಬಿಲ್ಲೆ.

ಸೂರು ನೋಡಿದ. ಒಲೆಯ ನೇರಕ್ಕೆ ಬರಿಯ ತಟ್ಟೆಯಂಥ ಬುಡ ಮಾತ್ರ ಇತ್ತು.

"ಅತ್ತೆ, ಇದೇನಿದು?"

"ಜಿಡ್ಡು ಹಿಡಿದಿತ್ತು ಅಳಿಯಂದ್ರೇ. ಟೀ ಪಾತ್ರೆ ಮೇಲೇ ನೇತಾಡೋ ವಸ್ತು, ಹಾಗೇ ಬಿಡೋಕಾಗತ್ತಾ? ತಿರುಗಿಸಿದೆ, ಕೈಗೇ ಬಂತು. ಸೋಪಿನ ನೀರಲ್ಲಿ ಅದ್ದಿ ತೊಳೆದೆ. ಅಲ್ಲಾಡಿಸಿದ್ರೆ ಇನ್ನೂ ಗುಳುಗುಳು ಅನ್ನತ್ತೆ, ಒಣಗಲಿ ಅಂತ ಇಟ್ಟಿದ್ದೀನಿ."

"ಯಾವಾಗ ತೆಗೆದಿರಿ?"

"ಮೊನ್ನೆ."

"ಆಗ ಕೆಳಗೆ ಏನೂ ಕೂಗಲಿಲ್ವಾ?"

"ಇಲ್ಲವಲ್ಲ. ಕೂಗಬೇಕಿತ್ತಾ?"

ಸೈರನ್ ಮಂಚದ ಅಂಚಿಗೆ ಕೂತ. ಕೂಗಬೇಕಿತ್ತು. ಮೆಟ್ಟಿಲ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದದ್ದು, ಸ್ಕ್ರೂಗೆ ಸಿಕ್ಕಿಸಿದ್ದು, ಭಾವ ಅಮ್ಮಾ ಎಂದದ್ದು, ಒಂದೊಂದೂ ಕಣ್ಣ ಮುಂದೆ ಬಂತು. ಪ್ಯಾನೆಲ್ಲಿನ ಕರೆಂಟು ಮಹಡಿಯವರೆಗೆ ಬಂದು ತಪಾಸಣೆ ಮಾಡಿದ್ದೇ ಇಲ್ಲ. ಡಬ್ಬಿಯೊಳಗೇ ಒಂದು ಸುತ್ತು ಹೊಡೆದು ಎಲ್ಲ ಸರಿ ಎನ್ನುತ್ತಿತ್ತು. ಮೊನ್ನೆಯಿಂದ ಈ ಒಲೆಗೆ ಕಾವಲೇ ಇರಲಿಲ್ಲ, ಕೆಳಗೆ ಹಸಿರೇ ಹಸಿರು.

ಅತ್ತೆ ಅವನ ಮುಖ ನೋಡಿದರು. ರೋಗಿಯ ಮುಖ ನೋಡಿಯೇ ಅರ್ಧ ತಿಳಿದುಕೊಳ್ಳುವ ಕಣ್ಣು. "ತಪ್ಪು ನನ್ನದಾ?"

"ತೊಳೆದದ್ದು ನಿಮ್ಮ ತಪ್ಪು. ಅದು ಸುಮ್ಮನಿದ್ದದ್ದು ನನ್ನ ತಪ್ಪು."

"ನಿಮ್ಮ ಚೀಲದಲ್ಲಿ ಹೊಸದು ಇದೆಯಾ?"

"ಇದೆ."

"ಹಾಗಾದ್ರೆ ಹಾಕಿ. ಇಬ್ಬರ ತಪ್ಪನ್ನೂ ಸೇರಿಸಿ ಹೊಲಿಗೆ ಹಾಕಿಬಿಡೋಣ. ಅವನಿಗೆ ಗೊತ್ತಾದ್ರೆ ನಾಳೆ ಈ ಮೇಜು ಬರಿದಾಗಿರತ್ತೆ." ಮಾತಾಡುತ್ತಲೇ ಅವರ ಕೈ ಒಲೆಯ ಅಂಚನ್ನು ಬಟ್ಟೆಯಿಂದ ಒರೆಸುತ್ತಿತ್ತು. ಒರೆಸಲು ಅಲ್ಲೇನೂ ಇರಲಿಲ್ಲ.

ಸೈರನ್‌ಗೂ ಅದೇ ಬೇಕಿತ್ತು. ಹೊಸ ಬಿಲ್ಲೆ ಇಲ್ಲಿ ತಿರುಗಿಸಿ, ಸರ್ವೀಸು ಎಂದು ಹೇಳಿ ಪ್ಯಾನೆಲ್ಲು ಬಿಚ್ಚಿ, ರೆಸಿಸ್ಟರನ್ನು ಜೇಬಿಗಿಳಿಸಿ ಮೇಲೆ ತಂದರೆ ಮುಗಿಯಿತು. ಪೇಪರು ಮಡಚುವಷ್ಟರಲ್ಲಿ ಆಗಿಹೋಗುವ ಕೆಲಸ. ಚೀಲದ ಜಿಪ್ಪು ಅರ್ಧ ಎಳೆದವನು ನಿಂತ.

"ಅತ್ತೆ, ಒಳಗೆ ಕತ್ತರಿ ಉಳಿದಿದೆ ಅಂತ ಅನುಮಾನ ಬಂದ್ರೆ ನೀವು ಹೊಲಿಗೆಗೆ ಬಿಡ್ತಿದ್ರಾ?"

ಒರೆಸುವ ಕೈ ನಿಂತಿತು. "ಇಲ್ಲ," ಎಂದರು ಅತ್ತೆ. "ಕತ್ತರಿ, ಬಟ್ಟೆ ಎಲ್ಲಾ ಎಣಿಸಿ ಆಗೋವರೆಗೂ ಡಾಕ್ಟರ ಕೈ ಹಿಡ್ಕೊಂಡು ನಿಲ್ತಿದ್ದೆ. ಬೈಯೋರು. ಬೈಸ್ಕೋತಿದ್ದೆ." ಬಟ್ಟೆಯನ್ನು ಮಡಚಿ ಒಲೆಯ ಪಕ್ಕದಲ್ಲಿಟ್ಟರು. "ಹೋಗಿ ಹೇಳಿ. ಆದ್ರೆ ಅವನ ದನಿ ಮಾಡಿ ನಗಿಸೋಕೆ ಹೋಗಬೇಡಿ. ನಿಮ್ಮ ದನೀಲೇ ಹೇಳಿ."

ತನ್ನ ದನಿಯಲ್ಲಿ ಹೇಳುವುದು ಅಷ್ಟು ಸುಲಭವಿರಲಿಲ್ಲ, ಅಭ್ಯಾಸ ತಪ್ಪಿತ್ತು. ಪ್ಯಾನೆಲ್ಲಿನ ಮುಚ್ಚಳ ತೆರೆದು, ಟಾರ್ಚು ಹಿಡಿದು, ಆ ಕಾಳಿನಂಥ ರೆಸಿಸ್ಟರನ್ನು ಭಾವನಿಗೆ ತೋರಿಸಿದ.

"ಇದು ಮಹಡಿಯ ಬಿಲ್ಲೆಯ ಬುಡದೊಳಗೆ ಇರಬೇಕಾದ್ದು ಭಾವ. ನಾನು ಇಲ್ಲೇ ಮರೆತೆ. ಕಾಲೇಜಲ್ಲಿ ಪ್ರಾಕ್ಸಿ ಕೊಡ್ತಿದ್ದೆನಲ್ಲ, ಇದೂ ಅದನ್ನೇ ಮಾಡಿದೆ. ಪ್ಯಾನೆಲ್ಲು 'ಮಹಡಿ ಇದ್ದೀಯಾ' ಅಂತ ಕೇಳ್ತಿದೆ. ಇದು ಪಕ್ಕದಲ್ಲೇ ಕೂತು 'ಇದ್ದೀನಿ' ಅಂತಿದೆ. ಮೇಲೆ ಬಿಲ್ಲೆಯೇ ಇಲ್ಲ. ಅತ್ತೆ ಅದನ್ನ ತೊಳೆದು ಲೋಟದ ಜೊತೆ ಒಣಗೋಕೆ ಇಟ್ಟಿದ್ದಾರೆ. ಮೊನ್ನೆಯಿಂದ."

ಭಾವ ಟಾರ್ಚನ್ನು ತನ್ನ ಕೈಗೆ ತೆಗೆದುಕೊಂಡು ಬಗ್ಗಿ ನೋಡಿದ. ಸುಟ್ಟ ಮನೆಗಳಲ್ಲಿ ನೋಡುವಾಗಲೂ ಹೀಗೇ ಬಗ್ಗುತ್ತಿರಬೇಕು.

"ಅಂದ್ರೆ ನಾನು ದಿನಾ ಮಲಗೋ ಮುಂಚೆ ನೋಡ್ತಿದ್ದದ್ದು ಇದನ್ನ."

"ಹೌದು."

"ನೀನು ಈಗ ಹೇಳದೇ ಸರಿ ಮಾಡಿದ್ರೆ ನನಗೆ ಗೊತ್ತಾಗ್ತಿತ್ತಾ?"

"ಇಲ್ಲ ಭಾವ."

ಭಾವ ಟಾರ್ಚು ಆರಿಸಿದ. ಮೆಟ್ಟಿಲ ಮೇಲ್ತುದಿಯಲ್ಲಿ ಅತ್ತೆಯ ಪಾದಗಳು ಮಾತ್ರ ಕಾಣುತ್ತಿದ್ದವು. ಅವೂ ಉಸಿರು ಹಿಡಿದಂತೆ ನಿಂತಿದ್ದವು.

"ಎಲ್ಲಾ ಬೂದಿಯಾದ ಮೇಲೆ ಹೇಳೋರನ್ನ ಬೇಕಾದಷ್ಟು ನೋಡಿದ್ದೀನಿ," ಎಂದ ಭಾವ. "ಮುಂಚೆ ಬಂದು ಹೇಳ್ದೋನು ನೀನೊಬ್ಬನೇ. ಸರಿ ಮಾಡು. ಬಿಚ್ಚಿ ನೋಡೋದು ನಾನು."

ರೆಸಿಸ್ಟರ್ ಮಹಡಿಗೆ ಹೋಯಿತು. ಬುಡದೊಳಗೆ, ಸಾಲಿನ ತುದಿಯಲ್ಲಿ, ತನ್ನ ಜಾಗದಲ್ಲಿ ಕೂತಿತು. ಹೊಸ ಬಿಲ್ಲೆ ತಿರುಗಿಸಿ ಮುಗಿಸುತ್ತಿದ್ದಂತೆ ಭಾವ ಸ್ಟೂಲು ಹತ್ತಿ ಅದನ್ನು ಕಳಚಿದ. ಕೆಳಗೆ ಪ್ಯಾನೆಲ್ಲು ಮರಿನಾಯಿಯಂತೆ ಕುಂಯ್ ಎಂದಿತು. ಹಾಕಿದ, ಸುಮ್ಮನಾಯಿತು. ಮತ್ತೆ ಕಳಚಿದ. ಮೆಟ್ಟಿಲ ತಿರುವಿನದನ್ನು ಕಳಚಿದ, ನಡುಮನೆಯದನ್ನು ಕಳಚಿದ. ಒಂದೊಂದಕ್ಕೂ ಅದು ಕುಂಯ್‌ಗುಟ್ಟುವುದನ್ನು, ಹಾಡು ಕೇಳುವವನಂತೆ ತಲೆ ಓರೆ ಮಾಡಿ ಕೇಳಿದ.

"ವಿಷಯ ಏನಪ್ಪಾ ಅಂದ್ರೆ," ಎಂದ ಕೊನೆಗೆ, "ಪ್ರತಿ ಭಾನುವಾರ ನಾನು ಬಿಚ್ತೀನಿ, ಅಮ್ಮ ಕೆಳಗೆ ನಿಂತು ಕೇಳಿಸ್ಕೋಬೇಕು. ಇನ್ನು ಸೋಪು ಮುಟ್ಟಿಸಬಾರದು."

"ಒಣ ಬಟ್ಟೇಲಿ ಒರೆಸಬಹುದಾ?" ಎಂದರು ಅತ್ತೆ ಮೇಲಿನಿಂದ.

ಭಾವ ಸೈರನ್ ಕಡೆ ನೋಡಿದ. "ಒರೆಸಬಹುದು," ಎಂದ ಸೈರನ್.

ಅತ್ತೆ ಒಳಗೆ ಹೋದರು. ಸೈರನ್ ಮೆಟ್ಟಿಲ ಕೆಳಗೆ ಕುಕ್ಕರಗಾಲಲ್ಲಿ ಕೂತು ಪ್ಯಾನೆಲ್ಲಿನ ಮುಚ್ಚಳ ಕೂರಿಸತೊಡಗಿದ. ಸ್ಕ್ರೂಗಳನ್ನು ತುಟಿಗಳ ನಡುವೆ ಹಿಡಿದಿದ್ದ. ಭಾವ ಪೇಪರಿನ ಕಡೆ ಹೋದವನು ಅರ್ಧಕ್ಕೇ ತಿರುಗಿ ಬಂದು, ಮೆಟ್ಟಿಲ ಬುಡದಲ್ಲಿ ನಿಂತ.

"ಅಮ್ಮಾ."

ಮೇಲಿನಿಂದ ಉತ್ತರ ಬರಲಿಲ್ಲ. ಸೈರನ್‌ನ ಗಂಟಲಲ್ಲಿ ಅತ್ತೆಯ ದನಿ ತಾನಾಗಿ ಎದ್ದು ಬಂತು. ಸ್ಕ್ರೂಗಳನ್ನು ತುಟಿಯಲ್ಲಿ ಬಿಗಿ ಹಿಡಿದು, ಆ ದನಿಯನ್ನು ನುಂಗಿಕೊಂಡ. ಮಹಡಿಯಲ್ಲಿ ಲೈಟರು ಚಕ್ ಎಂದಿತು. ಇನ್ನೊಮ್ಮೆ ಚಕ್ ಎಂದು, ಒಲೆ ಹತ್ತಿಕೊಂಡ ಸದ್ದು ಬಂತು.

"ಇದ್ದೀನಿ ಕಣೋ. ಮೂರು ಲೋಟ ನೀರಿಟ್ಟಿದ್ದೀನಿ. ಬರ್ತೀರೋ, ಇಲ್ಲ ನಾನೇ ಕುಡೀಲೋ?"

ಭಾವ ಮೊದಲು ಬಗ್ಗಿ ಅಳಿಯನ ಮುಚ್ಚಿದ ಬಾಯಿ ನೋಡಿದ. ಆಮೇಲೆ ಮೆಟ್ಟಿಲು ಹತ್ತಿದ.